ಆಕಾಶದ ಚಿತ್ರ, ಗುಂಟೆಯ ಲೆಕ್ಕ

ಶಿಕಾರಿಪುರ, ಸೊರಬ ಕಡೆಯಿಂದ ಈ ಕಾಲೇಜಿಗೆ ಬರುವ ನಮ್ಮಲ್ಲಿ ಹಲವರ ಮನೆಯಲ್ಲಿ ಪಹಣಿ ಇದೆ. ಪಹಣಿಯ ಲೆಕ್ಕ ಎಕರೆ, ಗುಂಟೆಗಳಲ್ಲಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಮೀಟರಿನಲ್ಲಿ ಸುಮಾರು 101 ಚದರ ಮೀಟರ್. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆಯುವ ಚಿತ್ರದಲ್ಲಿ ಒಂದೊಂದು ಚುಕ್ಕೆ ನೆಲದ ಮೇಲಿನ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ಸಮ. ಅಂದರೆ 100 ಚದರ ಮೀಟರ್. ಹೆಚ್ಚು ಕಡಿಮೆ ಗುಂಟೆಗೊಂದು ಚುಕ್ಕೆ!

ನಮ್ಮೂರಿನ ಪ್ರತಿ ಗುಂಟೆಯ ಚಿತ್ರವನ್ನು ಈ ಉಪಗ್ರಹಗಳು ಐದು ದಿನಕ್ಕೊಮ್ಮೆ ತೆಗೆಯುತ್ತವೆ. ಮೋಡ ಇಲ್ಲದಿದ್ದರೆ ನಮ್ಮ ಗದ್ದೆ, ನಮ್ಮ ತೋಟ, ನಮ್ಮ ಕೆರೆ ಎಲ್ಲವೂ ಅದರಲ್ಲಿ ಕಾಣುತ್ತವೆ. ಆ ಚಿತ್ರವನ್ನು ಯಾರು ಬೇಕಾದರೂ ಒಂದು ರೂಪಾಯಿಯನ್ನೂ ಕೊಡದೆ ಇಳಿಸಿಕೊಳ್ಳಬಹುದು. ಪ್ಯಾರಿಸ್ಸಿನ ವಿಜ್ಞಾನಿಗೆ ಸಿಗುವ ಚಿತ್ರವೇ ಶಿರಾಳಕೊಪ್ಪದ ವಿದ್ಯಾರ್ಥಿಗೂ ಸಿಗುತ್ತದೆ.

ಕೇಳಲು ಇದು ಸಹಜ ಅನ್ನಿಸಬಹುದು. ಆದರೆ ಈ ಉಚಿತ ತಾನಾಗಿ ಬಂದದ್ದಲ್ಲ, ಎಂದೆಂದಿಗೂ ಇರುತ್ತದೆ ಎಂಬ ಖಾತರಿಯೂ ಇಲ್ಲ. ಜೊತೆಗೆ, ಚಿತ್ರ ಉಚಿತವಾದ ಮಾತ್ರಕ್ಕೆ ಅದು ನಮ್ಮ ಕೈಗೆ ಬಂತು ಎಂದೂ ಅಲ್ಲ. ದೇಶ ದೇಶಗಳ ನಡುವೆ ಉಪಗ್ರಹ ಮಾಹಿತಿಯ ಹಂಚಿಕೆಗೆ ಒಂದು ತತ್ವವಿದೆ: ಯಾರ ನೆಲದ ಚಿತ್ರವೋ ಅವರಿಗೆ ಅದನ್ನು ನೋಡುವ ಹಕ್ಕಿದೆ. ಅದೇ ತತ್ವ ನಮ್ಮ ದೇಶದೊಳಗೆ, ಸರ್ಕಾರ ಮತ್ತು ರೈತನ ನಡುವೆಯೂ ನಡೆಯಬೇಕು ಎಂಬುದು ಈ ಬರಹದ ವಾದ.

ಉಚಿತವಾದದ್ದು ಹೇಗೆ?

ಭೂಮಿಯ ಚಿತ್ರವನ್ನು ಒಬ್ಬರೇ ಪೂರ್ತಿ ಬರೆಯಲಾರರು ಎಂಬುದು ಹಳೆಯ ಅನುಭವ. ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರ್‌ಗಾಗಿ ಪ್ರಪಂಚದ ನಕ್ಷೆ ಮುಗಿಸಿಕೊಟ್ಟರು. ದೊರೆ ಕ್ರೈಸ್ತ, ಭೂಗೋಳಜ್ಞ ಮುಸ್ಲಿಂ, ಮಾಹಿತಿ ಕೊಟ್ಟವರು ದೇಶ ದೇಶ ಸುತ್ತಿದ ಪ್ರಯಾಣಿಕರು. ಹಲವರ ಕಣ್ಣು ಸೇರಿದ್ದರಿಂದ ಒಂದು ನಕ್ಷೆಯಾಯಿತು.

ಉಪಗ್ರಹ ಯುಗದಲ್ಲೂ ಹಾಗೆಯೇ ಆಗಬೇಕಿತ್ತು. ಆದರೆ ಮೊದಲು ಆದದ್ದು ವ್ಯಾಪಾರ. ಅಮೆರಿಕ 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿಸಿತು. ಭಾರತ 1979ರಲ್ಲಿ ಹೈದರಾಬಾದ್ ಸಮೀಪದ ಶಾದ್‌ನಗರದಲ್ಲಿ ಕೇಂದ್ರ ಸ್ಥಾಪಿಸಿ ಅದರ ಸಂಕೇತಗಳನ್ನು ಪಡೆಯತೊಡಗಿತು. 1984ರಲ್ಲಿ ಅಮೆರಿಕ ಲ್ಯಾಂಡ್‌ಸ್ಯಾಟ್ ಚಿತ್ರಗಳ ಮಾರಾಟವನ್ನು ಖಾಸಗಿಯವರಿಗೆ ವಹಿಸಲು ಕಾನೂನು ಮಾಡಿತು. ಆಮೇಲೆ ಒಂದೊಂದು ಚಿತ್ರದ ಬೆಲೆ 4,000 ಡಾಲರ್ ದಾಟಿತು. ಬಡ ದೇಶದ ಸಂಶೋಧಕ ತನ್ನದೇ ಜಿಲ್ಲೆಯ ಚಿತ್ರ ನೋಡಲು ವರ್ಷದ ಸಂಬಳ ಸುರಿಯಬೇಕಾದ ಕಾಲ ಅದು.

ಬಡ ದೇಶಗಳು ಸುಮ್ಮನಿರಲಿಲ್ಲ. ತಮ್ಮ ಒಪ್ಪಿಗೆ ಇಲ್ಲದೆ ತಮ್ಮ ನೆಲದ ಚಿತ್ರ ತೆಗೆಯಬಾರದು ಎಂದು ಬ್ರೆಜಿಲ್, ಅರ್ಜೆಂಟೀನಾದಂತಹ ದೇಶಗಳು ವಿಶ್ವಸಂಸ್ಥೆಯಲ್ಲಿ ವರ್ಷಗಟ್ಟಲೆ ವಾದಿಸಿದವು. ಕೊನೆಗೆ 1986ರ ಡಿಸೆಂಬರ್ 3ರಂದು ಸಾಮಾನ್ಯ ಸಭೆ ದೂರಸಂವೇದನೆಯ ತತ್ವಗಳನ್ನು ಅಂಗೀಕರಿಸಿತು. ಚಿತ್ರ ತೆಗೆಯಲು ಮುಂಚಿತ ಒಪ್ಪಿಗೆ ಬೇಕಿಲ್ಲ ಎಂದಾಯಿತು. ಆದರೆ ಯಾವ ದೇಶದ ಚಿತ್ರ ತೆಗೆಯಲಾಗಿದೆಯೋ ಆ ದೇಶಕ್ಕೆ ಭೇದಭಾವವಿಲ್ಲದೆ, ನ್ಯಾಯವಾದ ಬೆಲೆಗೆ ಆ ಮಾಹಿತಿ ಸಿಗಬೇಕು ಎಂದೂ ಆಯಿತು. ತೆಗೆಯುವುದನ್ನು ತಡೆಯಲಾಗಲಿಲ್ಲ, ನೋಡುವ ಹಕ್ಕು ಸಿಕ್ಕಿತು.

ಉಚಿತದ ದಾರಿ ತೆರೆದವರಲ್ಲಿ ಬ್ರೆಜಿಲ್ ಮೊದಲನೆಯ ಸಾಲಿನಲ್ಲಿದೆ. ಚೀನಾ ಜೊತೆ ಸೇರಿ ಹಾರಿಸಿದ ಉಪಗ್ರಹದ ಚಿತ್ರಗಳನ್ನು ಅದು 2004ರಲ್ಲೇ ತನ್ನ ಜನರಿಗೆ ಬಿಟ್ಟುಕೊಟ್ಟಿತು. 2008ರಲ್ಲಿ ಅಮೆರಿಕ ಲ್ಯಾಂಡ್‌ಸ್ಯಾಟಿನ ಇಡೀ ಭಂಡಾರವನ್ನು ತೆರೆಯಿತು. ಮಾರಾಟವಿದ್ದಾಗ ದಿನಕ್ಕೆ ಹತ್ತಾರು ಚಿತ್ರಗಳಷ್ಟೇ ಹೋಗುತ್ತಿದ್ದವು; ಉಚಿತವಾದ ಮೇಲೆ ದಿನಕ್ಕೆ ಸಾವಿರಾರು ಹೋಗತೊಡಗಿದವು. ನಂತರ ಯುರೋಪ್ ತನ್ನ ಕೊಪರ್ನಿಕಸ್ ಯೋಜನೆಯ ಸೆಂಟಿನೆಲ್ ಉಪಗ್ರಹಗಳ ಮಾಹಿತಿಯನ್ನು ಆರಂಭದಿಂದಲೇ ಎಲ್ಲರಿಗೂ ಮುಕ್ತವಾಗಿಟ್ಟಿತು.

ಈ ಕಥೆಯಲ್ಲಿ ನಮ್ಮ ನಾಡಿನವರ ಪಾಲೂ ಇದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರು ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ಭಾರತದ ಮೊದಲ ಪೂರ್ಣ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಬೈಕನೂರಿನಿಂದ ಹಾರಿತು. 1999ರಲ್ಲಿ ವಿಯೆನ್ನಾದಲ್ಲಿ ನಡೆದ ವಿಶ್ವಸಂಸ್ಥೆಯ ಮೂರನೇ ಬಾಹ್ಯಾಕಾಶ ಸಮ್ಮೇಳನದ ಅಧ್ಯಕ್ಷತೆಯನ್ನು ಅವರೇ ವಹಿಸಿದ್ದರು. ದೊಡ್ಡ ವಿಪತ್ತು ಬಂದಾಗ ಸದಸ್ಯ ಸಂಸ್ಥೆಗಳ ಉಪಗ್ರಹಗಳು ಆ ಜಾಗದ ಚಿತ್ರ ತೆಗೆದು ಉಚಿತವಾಗಿ ಕೊಡಬೇಕು ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಾಂದಿಯಾದದ್ದು ಆ ಸಮ್ಮೇಳನದಲ್ಲೇ. ಇಸ್ರೋ 2001ರಲ್ಲಿ ಅದನ್ನು ಸೇರಿತು. ಇಂದು ಭೂಕಂಪವೋ ಪ್ರವಾಹವೋ ಬಂದ ದೇಶಕ್ಕೆ ಭಾರತದ ಉಪಗ್ರಹದ ಚಿತ್ರ ಹೋಗುತ್ತದೆ, ನಮಗೆ ಕಷ್ಟ ಬಂದಾಗ ಅವರದು ಬರುತ್ತದೆ.

ನಮ್ಮೂರಿಗೆ ಇದರಿಂದೇನು?

"ನಮ್ಮ ಕೆರೆ ನೋಡಲು ಆಕಾಶಕ್ಕೆ ಹೋಗಬೇಕೇ? ಏರಿ ಮೇಲೆ ನಿಂತರೆ ಸಾಲದೇ?" ಎಂದು ಹಿರಿಯರು ಕೇಳಬಹುದು. ಒಂದು ಕೆರೆಗೆ ಸಾಕು. ಆದರೆ ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಊರಿಗೊಂದೆರಡು ಕೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ವರದೆ, ದಂಡಾವತಿ, ಕುಮುದ್ವತಿಗಳ ಬಯಲಿನಲ್ಲಿ ಯಾವ ಕೆರೆ ಯಾವ ತಿಂಗಳಲ್ಲಿ ಎಷ್ಟು ತುಂಬಿತ್ತು, ಯಾವುದರಲ್ಲಿ ಹೂಳು ಹೆಚ್ಚಿ ನೀರಿನ ಹರವು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ ಎಂಬುದನ್ನು ಒಟ್ಟಿಗೆ ನೋಡಲು ಏರಿಯ ಎತ್ತರ ಸಾಲದು.

ಇಲ್ಲೊಂದು ತೊಡಕಿದೆ. ಕೆರೆ ತುಂಬುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೇಲೆ ಮೋಡ ಕವಿದಿರುತ್ತದೆ. ಸೆಂಟಿನೆಲ್-2 ಆಗ ನಮ್ಮ ಹಾಗೆಯೇ ಮೋಡವನ್ನಷ್ಟೇ ನೋಡುತ್ತದೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ತರಂಗಗಳ ಪಾಠ ಓದಿದವರಿಗೆ ಉತ್ತರ ಗೊತ್ತಿರಬೇಕು: ತರಂಗದ ಉದ್ದ ಹೆಚ್ಚಿದ್ದರೆ ಮೋಡ ಅಡ್ಡಿಯಾಗುವುದಿಲ್ಲ. ರೇಡಾರ್ ಉಪಗ್ರಹ ತಾನೇ ಸೂಕ್ಷ್ಮತರಂಗ ಕಳಿಸಿ, ನೆಲದಿಂದ ಮರಳಿ ಬರುವುದನ್ನು ಅಳೆಯುತ್ತದೆ. ಹಗಲು, ರಾತ್ರಿ, ಮೋಡ ಎಲ್ಲವೂ ಅದಕ್ಕೆ ಒಂದೇ. ನಿಂತ ನೀರು ಕನ್ನಡಿಯಂತೆ ತರಂಗವನ್ನು ಆಚೆ ತಳ್ಳುವುದರಿಂದ ಕೆರೆ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ನಾಟಿಗೆ ನೀರು ನಿಲ್ಲಿಸಿದ ಗದ್ದೆಯೂ ಕಪ್ಪು. ಪೈರು ಬೆಳೆದಂತೆ ಅದು ಬೆಳ್ಳಗಾಗುತ್ತ ಹೋಗುತ್ತದೆ.

ಮಲೆನಾಡಿನವರಿಗೆ ರೇಡಾರ್ ಎಷ್ಟು ಮುಖ್ಯ ಎಂಬುದು 2024ರ ಜುಲೈ 30ರ ವಯನಾಡ್ ಭೂಕುಸಿತದಲ್ಲಿ ಕಂಡಿತು. ಮರುದಿನವೇ ಇಸ್ರೋದ ರೇಡಾರ್ ಉಪಗ್ರಹ ಮೋಡದ ಮರೆಯಲ್ಲಿದ್ದ ಕುಸಿತದ ಜಾಗವನ್ನು ತೋರಿಸಿತು. ಆದರೆ ಜಗತ್ತಿನ ಎಲ್ಲೆಡೆಯ ರೇಡಾರ್ ಚಿತ್ರವನ್ನು ನಿಯಮಿತವಾಗಿ, ಉಚಿತವಾಗಿ ಕೊಡುತ್ತ ಬಂದದ್ದು ಮುಖ್ಯವಾಗಿ ಯುರೋಪಿನ ಸೆಂಟಿನೆಲ್-1 ಜೋಡಿ. ಆ ಜೋಡಿಯಲ್ಲಿ ಒಂದು 2021ರ ಡಿಸೆಂಬರಿನಲ್ಲಿ ಕೆಟ್ಟಿತು. ಅದರ ಜಾಗಕ್ಕೆ ಹೊಸದು ಹಾರಿದ್ದು 2024ರ ಡಿಸೆಂಬರಿನಲ್ಲಿ. ಮೂರು ವರ್ಷ ಅರ್ಧ ಕಣ್ಣಿನಲ್ಲಿ ಸಾಗಿತು. ಒಬ್ಬರನ್ನೇ ನೆಚ್ಚಿಕೊಂಡರೆ ಹೀಗೆಯೇ ಆಗುವುದು. 2018ರಲ್ಲಿ ಅಮೆರಿಕದಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳಿಗೆ ಮತ್ತೆ ಶುಲ್ಕ ಹಾಕಬಹುದೇ ಎಂಬ ಚರ್ಚೆಯೂ ನಡೆದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಎರಡನೆಯದು ಕಾಡಿನ ಬೆಂಕಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು ಒಣಗಿದಾಗ ಎಲ್ಲಿ ಬೆಂಕಿ ಬಿದ್ದಿದೆ ಎಂಬ ಎಚ್ಚರಿಕೆಯನ್ನು ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆ ಅರಣ್ಯ ಇಲಾಖೆಗಳಿಗೆ ಕಳಿಸುತ್ತದೆ. ಅದಕ್ಕೆ ಆಧಾರ ಅಮೆರಿಕದ ಉಪಗ್ರಹಗಳು ಕಾಣುವ ಶಾಖದ ಚುಕ್ಕೆಗಳು. ಸೊರಬದ ಕಾಡಿನಲ್ಲಿ ಗಸ್ತು ತಿರುಗುವ ಅರಣ್ಯ ರಕ್ಷಕರ ಮೊಬೈಲಿಗೆ ಬರುವ ಸಂದೇಶದ ಹಿಂದೆ ಇನ್ನೊಂದು ದೇಶದ ತೆರಿಗೆದಾರರ ಹಣವಿದೆ.

ಮೂರನೆಯದು ಬರ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆಯ ಕೊರತೆಯೊಂದೇ ಸಾಲದು. ಬೆಳೆಯ ಸ್ಥಿತಿ, ಮಣ್ಣಿನ ತೇವ, ಜಲಾಶಯಗಳ ನೀರು ಇವನ್ನೂ ನೋಡಬೇಕು. ಬೆಳೆಯ ಸ್ಥಿತಿ ಅಳೆಯುವುದು ಉಪಗ್ರಹ ಚಿತ್ರದಿಂದ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಅವಕೆಂಪು ಕಿರಣವನ್ನು ಹಿಂದಕ್ಕೆ ಕಳಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಸ್ಯ ಸೂಚ್ಯಂಕ. ಹೈಸ್ಕೂಲಿನ ಗಣಿತ ಸಾಕು. ಆ ಒಂದು ಸಂಖ್ಯೆಯ ಮೇಲೆ ಒಂದು ತಾಲ್ಲೂಕಿಗೆ ಪರಿಹಾರ ಬರುವುದೋ ಬಾರದಿರುವುದೋ ತೂಗುತ್ತಿರುತ್ತದೆ.

ನಾಲ್ಕನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬ ತಾಲ್ಲೂಕಿನ ಒಂದು ಹೆಸರು ಶಾಶ್ವತವಾಗಿ ಸೇರಿದೆ: ಕ್ಯಾಸನೂರು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೆ ಜ್ವರ ಬಂತು, ಹೊಸ ವೈರಸ್ ಪತ್ತೆಯಾಯಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಉಣ್ಣೆಯಿಂದ ಹರಡುವ ಈ ರೋಗ ಇಂದು ಗೋವಾ, ಮಹಾರಾಷ್ಟ್ರ, ಕೇರಳದವರೆಗೂ ಹೋಗಿದೆ. 2018-19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಲಗೋಡು ಪಟ್ಟ ಪಾಡು ನಮಗೆಲ್ಲ ಗೊತ್ತು.

ಉಪಗ್ರಹಕ್ಕೆ ಉಣ್ಣೆ ಕಾಣುವುದಿಲ್ಲ. ಆದರೆ ಉಣ್ಣೆ ಬದುಕುವ ಜಾಗ ಕಾಣುತ್ತದೆ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ, ಬೆಂಗಳೂರಿನ ಏಟ್ರೀ ಹಾಗೂ ಭಾರತದ ಇತರ ಸಂಸ್ಥೆಗಳ ವಿಜ್ಞಾನಿಗಳು ಸೇರಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉಪಗ್ರಹ ಆಧಾರಿತ ಭೂಬಳಕೆ ನಕ್ಷೆಗಳನ್ನೂ ಊರೂರಿನ ರೋಗದ ದಾಖಲೆಗಳನ್ನೂ ಜೋಡಿಸಿ ನೋಡಿದಾಗ, ಅಪಾಯ ಹೆಚ್ಚಿರುವುದು ದಟ್ಟ ಕಾಡಿನ ನಡುವೆ ಅಲ್ಲ; ಕಾಡು, ತೋಟ, ಗದ್ದೆ, ದನಕರು ಒಂದರೊಳಗೊಂದು ಬೆರೆತಿರುವ ಕಡೆ ಎಂದು ಕಂಡುಬಂತು. ಅಂದರೆ ನಮ್ಮ ಹಳ್ಳಿಗಳು ಇರುವಂಥ ಜಾಗದಲ್ಲಿ. ಸೊಪ್ಪು ತರಗೆಲೆ ತರಲು ಹೋಗುವ ತಾಯಂದಿರು, ದನ ಮೇಯಿಸುವವರು, ತೋಟದ ಕೂಲಿಯವರು ಓಡಾಡುವ ಅಂಚು ಅದು. ಯಾವ ಊರಿಗೆ ಮೊದಲು ಎಚ್ಚರಿಕೆ ಕೊಡಬೇಕು, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಉಣ್ಣೆ ನಿವಾರಕ ತೈಲ ಮೊದಲು ಹೋಗಬೇಕು ಎಂದು ನಿರ್ಧರಿಸಲು ಇಂಥ ನಕ್ಷೆ ನೆರವಾಗುತ್ತದೆ. ಒಂದು ದೇಶದ ಚಿತ್ರ, ಇನ್ನೊಂದು ದೇಶದ ಲೆಕ್ಕಾಚಾರ, ನಮ್ಮ ಆಶಾ ಕಾರ್ಯಕರ್ತೆಯರ ಮತ್ತು ಆಸ್ಪತ್ರೆಗಳ ದಾಖಲೆ: ಮೂರೂ ಸೇರದಿದ್ದರೆ ಆ ನಕ್ಷೆ ಇಲ್ಲ.

ಅದೇ ಕಣ್ಣು ನಮ್ಮ ಮೇಲೂ

ಇಲ್ಲಿಯವರೆಗೆ ಒಳ್ಳೆಯದನ್ನೇ ಹೇಳಿದೆ. ಕಹಿಯನ್ನೂ ಹೇಳಬೇಕು.

ನಮ್ಮ ಎರಡು ತಾಲ್ಲೂಕುಗಳಲ್ಲಿ ಬಗರ್ ಹುಕುಂ ಎಂಬ ಮಾತು ಕೇಳದ ಮನೆ ಕಡಿಮೆ. ಹಕ್ಕುಪತ್ರವಿಲ್ಲದೆ ತಲೆಮಾರಿನಿಂದ ಸಾಗುವಳಿ ಮಾಡಿಕೊಂಡು ಬಂದವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಬಡವರೂ ಇದ್ದಾರೆ. ನಮೂನೆ 57ರ ಅರ್ಜಿ ಊರ್ಜಿತವಾಗಲು 2005ರ ಜನವರಿ 1ಕ್ಕಿಂತ ಮೊದಲೇ ಸಾಗುವಳಿ ಇದ್ದಿರಬೇಕು. ಇದನ್ನು ಪರಿಶೀಲಿಸಲು ಕಂದಾಯ ಇಲಾಖೆ ಈಗ ಆ್ಯಪ್ ಮತ್ತು ಉಪಗ್ರಹ ಚಿತ್ರವನ್ನು ಬಳಸುತ್ತಿದೆ. ಸುಳ್ಳು ಅರ್ಜಿ ಹಾಕಿ ಜಮೀನು ಹೊಡೆಯುವ ದೊಡ್ಡವರನ್ನು ತಡೆಯಲು ಇದು ಒಳ್ಳೆಯ ದಾರಿ, ಸಂಶಯವಿಲ್ಲ. ಆದರೆ ನಿಜವಾಗಿ ಉತ್ತವನ ಕಥೆ?

ಮತ್ತೆ ಗುಂಟೆಯ ಲೆಕ್ಕಕ್ಕೆ ಬರೋಣ. ಗುಂಟೆಗೊಂದು ಚುಕ್ಕೆ ಕೊಡುವ ಸೆಂಟಿನೆಲ್-2 ಮೊದಲು ಹಾರಿದ್ದು 2015ರಲ್ಲಿ. 2004ರ ಹೊಲ ನೋಡಲು ಅದು ಕೆಲಸಕ್ಕೆ ಬಾರದು. ಆ ಕಾಲದ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಒಂದು ಚುಕ್ಕೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ ಸುಮಾರು ಒಂಬತ್ತು ಗುಂಟೆ. ಒಂದು ಎಕರೆಗೆ ನಾಲ್ಕೂವರೆ ಚುಕ್ಕೆ. ಹತ್ತು ಗುಂಟೆಯ ಬಡವನ ಜಮೀನು ಒಂದೇ ಚುಕ್ಕೆಯಲ್ಲಿ ಮುಗಿದುಹೋಗುತ್ತದೆ. ಆ ಚುಕ್ಕೆಯಲ್ಲಿ ಅವನ ಗದ್ದೆಯ ಹಸಿರೂ ಪಕ್ಕದ ಕಾಡಿನ ಹಸಿರೂ ಕಲಸಿಹೋಗಿರುತ್ತವೆ. ಮರಗಳ ನೆರಳಿನಲ್ಲಿ ಎಬ್ಬಿಸಿದ ಅಡಿಕೆ ತೋಟ ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣಬಹುದು.

ಇದಕ್ಕಿಂತ ಸ್ಪಷ್ಟವಾದ ಹಳೆಯ ಚಿತ್ರಗಳು ಯಾರ ಬಳಿ ಇವೆ? ನಮ್ಮದೇ ದೇಶದ ಬಳಿ. 1995ರಲ್ಲಿ ಹಾರಿದ ಐಆರ್‌ಎಸ್-1ಸಿ ಉಪಗ್ರಹದ ಕ್ಯಾಮೆರಾಕ್ಕೆ 5.8 ಮೀಟರಿನ ಚುಕ್ಕೆ ಕಾಣುತ್ತಿತ್ತು. ಆ ಹೊತ್ತಿಗೆ ಜಗತ್ತಿನ ನಾಗರಿಕ ಉಪಗ್ರಹಗಳಲ್ಲೇ ಅದು ಅತ್ಯಂತ ಸೂಕ್ಷ್ಮ. 2003ರ ಅಕ್ಟೋಬರಿನಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್-1ರ ಒಂದು ಕ್ಯಾಮೆರಾಕ್ಕೂ ಅಷ್ಟೇ ಶಕ್ತಿ. ಅದರಲ್ಲಿ ಗುಂಟೆಗೆ ಮೂರು ಚುಕ್ಕೆ. ಅಧಿಕಾರಿಯ ಮುಂದೆ ಇಂಥ ಚಿತ್ರವಿದ್ದು, ಅರ್ಜಿದಾರನ ಮುಂದೆ ಇಲ್ಲದಿದ್ದರೆ ಅದು ಸಾಕ್ಷ್ಯವಾಗುವುದಿಲ್ಲ. ಒಂದು ಕಡೆಯ ಮಾತಾಗುತ್ತದೆ. "ಉಪಗ್ರಹದಲ್ಲಿ ಕಾಣುತ್ತಿಲ್ಲ, ಅರ್ಜಿ ವಜಾ" ಎಂದು ಹೇಳಿ ಕಳಿಸಿದರೆ ಹಳ್ಳಿಯ ರೈತ ಏನೆಂದು ಉತ್ತರಿಸಬೇಕು? ಯಾವ ಉಪಗ್ರಹ, ಯಾವ ತಾರೀಖು, ಚುಕ್ಕೆ ಎಷ್ಟು ದೊಡ್ಡದು, ಅಂದು ಮೋಡ ಇತ್ತೇ ಎಂದು ಕೇಳಲು ಅವನಿಗೆ ಬರಬೇಕಲ್ಲ?

ಅರಣ್ಯ ಹಕ್ಕು ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿ ಈ ಅಪಾಯವನ್ನು ಗುರುತಿಸಿದೆ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಸ್ಥಾನವನ್ನು ತೆಗೆದುಕೊಳ್ಳಬಾರದು ಎಂಬುದು ಅದರ ಆಶಯ. ಬಗರ್ ಹುಕುಂ ವಿಷಯದಲ್ಲೂ ಇದೇ ನ್ಯಾಯ ನಡೆಯಬೇಕು. 1986ರಲ್ಲಿ ಬಡ ದೇಶಗಳು ಶ್ರೀಮಂತ ದೇಶಗಳಿಗೆ "ನಮ್ಮ ನೆಲದ ಚಿತ್ರ ನಮಗೂ ತೋರಿಸಿ" ಎಂದು ಕೇಳಿ ಪಡೆದವು. ಇಂದು ರೈತ ತನ್ನ ಸರ್ಕಾರವನ್ನು ಕೇಳುವುದೂ ಅಷ್ಟನ್ನೇ.

ಬಾಗಿಲು ಮುಚ್ಚಬೇಕು ಎನ್ನುವವರಿಗೆ

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮೊದಲನೆಯದು ದೇಶದ ಭದ್ರತೆ. ಸೇನಾ ನೆಲೆ, ಅಣೆಕಟ್ಟುಗಳ ಅತಿ ಸೂಕ್ಷ್ಮ ಚಿತ್ರಗಳನ್ನು ಎಲ್ಲರಿಗೂ ಹಂಚಬೇಕು ಎಂದು ಯಾರೂ ಹೇಳುತ್ತಿಲ್ಲ. ಆದರೆ ಅರ್ಧ ಮೀಟರಿಗಿಂತಲೂ ಸೂಕ್ಷ್ಮವಾದ ಚಿತ್ರಗಳನ್ನು ವಿದೇಶಿ ಕಂಪನಿಗಳು ಮಾರುತ್ತಿರುವ ಈ ಕಾಲದಲ್ಲಿ, ಐದು ಮೀಟರಿನ ಹಳೆಯ ಚಿತ್ರವನ್ನು ಬೀಗ ಹಾಕಿ ಇಟ್ಟರೆ ಶತ್ರುವಿಗೆ ನಷ್ಟವಿಲ್ಲ. ನಷ್ಟ ಆಗುವುದು ದುಡ್ಡಿಲ್ಲದ ವಿದ್ಯಾರ್ಥಿಗೆ, ರೈತನಿಗೆ, ಪಂಚಾಯಿತಿಗೆ. ನಮ್ಮ ಸರ್ಕಾರವೂ ಇದನ್ನು ಒಪ್ಪಿದೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯಂತೆ 5 ಮೀಟರ್ ಮತ್ತು ಅದಕ್ಕಿಂತ ದೊಡ್ಡ ಚುಕ್ಕೆಯ ಮಾಹಿತಿ ಎಲ್ಲರಿಗೂ ಮುಕ್ತವಾಗಿ, ಉಚಿತವಾಗಿ ಸಿಗಬೇಕು.

ಎರಡನೆಯದು ವ್ಯಾಪಾರದ ಭಯ. ಶಿಕಾರಿಪುರದ ಮೆಕ್ಕೆಜೋಳ ಈ ವರ್ಷ ಹೇಗಿದೆ ಎಂದು ದೂರದ ಕಂಪನಿ ಕೊಯ್ಲಿಗೆ ಮೊದಲೇ ತಿಳಿದುಕೊಂಡು ಬೆಲೆ ಇಳಿಸಿದರೆ? ಈ ಭಯ ನಿಜ. ಆದರೆ ಚಿತ್ರ ಮುಚ್ಚಿದರೆ ದುಡ್ಡಿರುವ ಕಂಪನಿ ಕೊಂಡು ನೋಡುತ್ತದೆ, ರೈತ ಮಾತ್ರ ಕತ್ತಲಲ್ಲಿ ಉಳಿಯುತ್ತಾನೆ. ಪರಿಹಾರ ಚಿತ್ರ ಮುಚ್ಚುವುದರಲ್ಲಿಲ್ಲ; ಕಂಪನಿಗೆ ಗೊತ್ತಾಗುವ ದಿನವೇ ರೈತನಿಗೂ, ಅವನ ಸಹಕಾರ ಸಂಘಕ್ಕೂ ಗೊತ್ತಾಗುವಂತೆ ಮಾಡುವುದರಲ್ಲಿದೆ.

ಮುಕ್ತ ಮಾಹಿತಿ ಸತ್ಯವನ್ನು ಹೇಗೆ ಕಾಯುತ್ತದೆ ಎಂಬುದಕ್ಕೆ ಬ್ರೆಜಿಲ್ ಉದಾಹರಣೆ ಸಾಕು. ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದ ಅಮೆಜಾನ್ ಕಾಡು ಎಷ್ಟು ಕಡಿಯಲ್ಪಟ್ಟಿತು ಎಂಬ ಲೆಕ್ಕ ಇಡುತ್ತಿದೆ. 2019ರಲ್ಲಿ ಅಂಕಿಗಳು ಏರಿದಾಗ ಅಂದಿನ ಅಧ್ಯಕ್ಷ ಬೊಲ್ಸೊನಾರೊ ಅವು ಸುಳ್ಳು ಎಂದರು. ಸಂಸ್ಥೆಯ ನಿರ್ದೇಶಕ ರಿಕಾರ್ಡೊ ಗಾಲ್ವಾವ್ ತಮ್ಮ ಹುದ್ದೆ ಕಳೆದುಕೊಂಡರು. ಆದರೆ ಚಿತ್ರಗಳು ಎಲ್ಲರ ಬಳಿಯೂ ಇದ್ದವು. ನಿರ್ದೇಶಕರನ್ನು ಬದಲಿಸಬಹುದಿತ್ತು, ಕಾಡು ಕಡಿದ ಚಿತ್ರವನ್ನು ಬದಲಿಸಲಾಗಲಿಲ್ಲ. ನಮಗೂ ಇದು ಬೇಕು. ಸೊರಬದ ಕಾನುಗಳ ಬಗ್ಗೆ 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಬರೆದಿದ್ದರು. ಆ ಕಾನುಗಳಲ್ಲಿ ಈ ಐವತ್ತು ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ತೋರಿಸುವ ಸಾಕ್ಷಿ ಇಂದು ಉಪಗ್ರಹ ಚಿತ್ರಗಳ ಭಂಡಾರದಲ್ಲಿದೆ. ಕಾಡು ಹೋದದ್ದಕ್ಕೆ ಹತ್ತು ಗುಂಟೆಯವನು ಕಾರಣವೋ, ಇನ್ಯಾರಾದರೂ ಕಾರಣವೋ ಎಂಬ ಪ್ರಶ್ನೆಗೂ ಅಲ್ಲಿ ಉತ್ತರ ಹುಡುಕಬಹುದು.

ಪಡೆದವರು ಕೊಡಬೇಕು

ಭಾರತ ಪಡೆಯುವ ದೇಶ ಮಾತ್ರವಲ್ಲ, ಕೊಡುವ ದೇಶವೂ ಹೌದು. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಕರಾವಳಿಯತ್ತ ಸಾಗುತ್ತಿದ್ದಾಗ ಸಮುದ್ರದ ಮೇಲಿನ ಗಾಳಿಯ ವೇಗವನ್ನು ಅಳೆದವುಗಳಲ್ಲಿ ನಮ್ಮ ಓಷನ್‌ಸ್ಯಾಟ್-2 ಕೂಡ ಇತ್ತು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇಸ್ರೋ ಮತ್ತು ನಾಸಾ ಸೇರಿ ಕಟ್ಟಿದ್ದು. ಅವರದೊಂದು ರೇಡಾರ್, ನಮ್ಮದೊಂದು ರೇಡಾರ್. ಎರಡನ್ನೂ ಉಪಗ್ರಹಕ್ಕೆ ಜೋಡಿಸಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದು 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ, ಮೋಡವನ್ನು ಲೆಕ್ಕಿಸುವುದಿಲ್ಲ, ಅದರ ಮಾಹಿತಿ ಜಗತ್ತಿಗೆಲ್ಲ ಉಚಿತ ಎಂಬುದು ಎರಡೂ ದೇಶಗಳ ಒಪ್ಪಂದ. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದಂತಹ ಉಪಗ್ರಹ ಇದು.

ಆದರೂ ಮೂರು ಕೆಲಸಗಳು ಬಾಕಿ ಇವೆ.

ಒಂದು, ಭಾರತ ತನ್ನ ಹಳೆಯ ಚಿತ್ರಗಳ ಭಂಡಾರವನ್ನು, ಐಆರ್‌ಎಸ್ ಕಾಲದಿಂದ ಇಂದಿನವರೆಗೆ, ಲ್ಯಾಂಡ್‌ಸ್ಯಾಟಿನಷ್ಟೇ ಸಲೀಸಾಗಿ ತೆರೆದಿಡಬೇಕು. ಭುವನ್, ಭೂನಿಧಿ ತಾಣಗಳು ಒಳ್ಳೆಯ ಆರಂಭ. ಹಳ್ಳಿಯ ಮೊಬೈಲಿನಲ್ಲಿ, ಸರ್ವೆ ನಂಬರ್ ಹಾಕಿದರೆ ಆ ಜಾಗದ ವರ್ಷವಾರು ಚಿತ್ರ ಬರುವಂತಾದರೆ ಆ ಆರಂಭ ಪೂರ್ಣವಾಗುತ್ತದೆ.

ಎರಡು, ಚಿತ್ರದ ಆಧಾರದ ಮೇಲೆ ಯಾವುದೇ ಅರ್ಜಿ ವಜಾ ಮಾಡಿದರೆ ಆ ಚಿತ್ರದ ಪ್ರತಿ, ತಾರೀಖು, ಉಪಗ್ರಹದ ಹೆಸರು, ಚುಕ್ಕೆಯ ಅಳತೆಯನ್ನು ಕನ್ನಡದಲ್ಲಿ ಬರೆದು ಅರ್ಜಿದಾರರಿಗೆ ಕೊಡಬೇಕು.

ಮೂರು, ಮಾಹಿತಿ ಕೆಳಗಿನಿಂದಲೂ ಮೇಲಕ್ಕೆ ಹೋಗಬೇಕು. ಆಕಾಶದ ಚಿತ್ರ ನೆಲದ ಲೆಕ್ಕದೊಂದಿಗೆ ತಾಳೆಯಾಗದಿದ್ದರೆ ಬರೀ ಬಣ್ಣ. ಮಳೆಮಾಪನ, ಬೆಳೆ ಸಮೀಕ್ಷೆ, ಕೆರೆಯ ನೀರಿನ ಮಟ್ಟ, ಮಂಗ ಸತ್ತ ಜಾಗದ ವಿವರ ಇವೆಲ್ಲ ರೋಗಿಗಳ ಹೆಸರು, ಮನೆಯ ಗುರುತು ಬಿಟ್ಟು ಸಂಶೋಧಕರಿಗೆ ಮುಕ್ತವಾಗಿ ಸಿಗಬೇಕು. ಈ ಕೆಲಸದಲ್ಲಿ ನಮ್ಮಂಥ ಕಾಲೇಜುಗಳು ಕೈ ಜೋಡಿಸಬಹುದು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಉಚಿತ. ಕಂಪ್ಯೂಟರ್ ಲ್ಯಾಬಿನಲ್ಲಿ ವಾರಕ್ಕೆ ಒಂದು ಗಂಟೆ ಸಿಕ್ಕರೆ ಒಂದು ವರ್ಷದಲ್ಲಿ ನಮ್ಮ ಹೋಬಳಿಯ ಎಲ್ಲ ಕೆರೆಗಳ ಹತ್ತು ವರ್ಷದ ಚಿತ್ರ ತಯಾರಿಸಬಹುದು. ಚಿತ್ರ ಸರಿಯೇ ಎಂದು ನೋಡಲು ಭಾನುವಾರ ಸೈಕಲ್ ಹತ್ತಿದರೆ ಆಯಿತು.

ತಯಾರಿಸಿದ್ದನ್ನು ಎಲ್ಲಿ ಇಡಬೇಕು ಎಂಬುದಕ್ಕೆ ನಮ್ಮ ನೆಲದಲ್ಲೇ ಮಾದರಿ ಇದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಕದಂಬ ದೊರೆ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಒಂದೂವರೆ ಸಾವಿರ ವರ್ಷವಾದರೂ ಅದು ಬಯಲಿನಲ್ಲಿ ನಿಂತಿದೆ. ಬಿ. ಎಲ್. ರೈಸ್ ಅವರು ನೂರಿಪ್ಪತ್ತು ವರ್ಷಗಳ ಹಿಂದೆ ಶಿಕಾರಿಪುರ, ಸೊರಬಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೇ ಸಂಪುಟಗಳಲ್ಲಿ ಪ್ರಕಟಿಸಲು ಸಾಧ್ಯವಾದದ್ದು ನಮ್ಮ ಪೂರ್ವಿಕರು ನೆಲದ ದಾನ, ಎಲ್ಲೆ, ಕೆರೆ, ತೂಬಿನ ಲೆಕ್ಕವನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ಊರ ನಡುವೆ ಕಲ್ಲಿನಲ್ಲಿ ನಿಲ್ಲಿಸಿದ್ದರಿಂದ. ಆದರೆ ತಾಳಗುಂದದ ಸ್ತಂಭಶಾಸನದ ಭಾಷೆ ಸಂಸ್ಕೃತ. ಹಾದುಹೋಗುವ ಎಲ್ಲರಿಗೂ ಅದು ಕಾಣುತ್ತಿತ್ತು, ಎಲ್ಲರಿಗೂ ಅರ್ಥವಾಗುತ್ತಿರಲಿಲ್ಲ. ಉಪಗ್ರಹ ಚಿತ್ರವೂ ಈಗ ಅದೇ ಸ್ಥಿತಿಯಲ್ಲಿದೆ. ಎಲ್ಲರಿಗೂ ಮುಕ್ತ, ಆದರೆ ಓದಬಲ್ಲವರು ಬೆರಳೆಣಿಕೆಯಷ್ಟು.

ಹಾಗಾಗಿ ಮುಂದಿನ ಗ್ರಾಮಸಭೆಗೆ ಒಂದು ಸಣ್ಣ ಬೇಡಿಕೆ ಇಡೋಣ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮತ್ತು ಮಳೆಗಾಲ ಮುಗಿದ ಮೇಲೆ, ಊರ ಕೆರೆಗಳ ಎರಡು ಉಪಗ್ರಹ ಚಿತ್ರಗಳು ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಇರಲಿ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು: ಯಾವ ಉಪಗ್ರಹ, ಯಾವ ದಿನ, ನೀರು ಎಷ್ಟು ಗುಂಟೆಯಲ್ಲಿ ನಿಂತಿದೆ, ಹೋದ ವರ್ಷ ಎಷ್ಟಿತ್ತು. ಆ ನಾಲ್ಕು ಸಾಲು ಬರೆದುಕೊಡುವ ಕೆಲಸವನ್ನು ನಾವು ವಿದ್ಯಾರ್ಥಿಗಳು ವಹಿಸಿಕೊಳ್ಳೋಣ.